ಅನ್ನದ ಹಾದಿಯಲ್ಲಿ ಹುಟ್ಟುವ ಅಪರೂಪದ ಗಡ್ಡೆಗಳು



ಕುಟುಂಬ ಕಲ್ಯಾಣವೆಂದೊಡನೆ ಮಿತ ಸಂತಾನ, ಗರ್ಭಿಣಿಯ ಆರೈಕೆ, ಮಕ್ಕಳಿಗೆ ಚುಚ್ಚುಮದ್ದು ಇವೇ ಮುಖ್ಯವಾಗಿ ನಿಮ್ಮ ನೆನಪಿಗೆ ಬರುತ್ತವೆ. ಅದು ಸಹಜವೇ. ಆದರೆ ಮಕ್ಕಳು ಎಷ್ಟೇ ಮಿತವಾಗಿದ್ದರೂ ಅವರನ್ನು ಸಾಕಿ ಸಲಹಬೇಕಾದ ತಂದೆತಾಯಿಗಳು ನಡುವಯಸ್ಸಿನಲ್ಲಿಯೇ ಹಾಸಿಗೆ ಹಿಡಿದರೆ ಆ ಸಂಸಾರಕ್ಕೆ ಕಲ್ಯಾಣವೆಲ್ಲಿ? ಆದುದರಿಂದ ಪತಿಪತ್ನಿಯರು ಒಬ್ಬರ ಆರೋಗ್ಯವನ್ನು ಇನ್ನೊಬ್ಬರು ಗಮನಿಸುತ್ತಿರುವುದೂ ಕುಟುಂಬ ಕಲ್ಯಾಣದ ಒಂದು ಅಂಗವೇ ಆಗಿದೆ.

ಈ ಪಾಠದಲ್ಲಿ ನಾವು ತಿಳಿಯಹೊರಟಿರುವುದು ಪಚನಾಂಗಗಳಲ್ಲಿ ಹುಟ್ಟುವ ಕೆಲವು ಅಪರೂಪದ ಗಡ್ಡೆಗಳ ವಿಷಯ. ಅಪರೂಪವಾದ ರೋಗದ ವಿಚಾರ ಹಳ್ಳಿಯ ಸಂಸಾರಕ್ಕೆ ಏತಕ್ಕೆಂದು ನೀವು ಕೇಳಬಹುದು. ಅಪರೂಪವಾದುದರಿಂದಲೇ ಇವು ಮೋಸಗೊಳಿಸುತ್ತವೆ. ರೋಗಿಯು ಅಜೀರ್ಣವೆಂದು ತಿಳಿಯುತ್ತಾನೆ. ಮನೆಯವರು ಕೆಲಸದ ದಣಿವೆಂದು ತಿಳಿಯುತ್ತಾರೆ. ಹೀಗೆ ತಿಂಗಳುಗಳು ಉರುಳುತ್ತವೆ. ಇದನ್ನು ಓದಿ ನೀವು ವೈದ್ಯರಾಗಬೇಕಾಗಿಲ್ಲ. ಯಾವ ಚಿಹ್ನೆ ಕಂಡಾಗ ತಡಮಾಡಬಾರದು, ವೈದ್ಯರು ಹೇಳುವ ಪರೀಕ್ಷೆಗಳ ಅರ್ಥವೇನು, ಚಿಕಿತ್ಸೆಯ ಹಾದಿ ಎಂಥದು ಎಂಬ ಮೂರು ಸಂಗತಿಗಳನ್ನು ಅರಿತರೆ ಸಾಕು.

ಅನ್ನದ ಹಾದಿ

ನಾವು ಉಂಡ ಅನ್ನವು ಬಾಯಿಯಿಂದ ಗುದದ್ವಾರದವರೆಗೆ ಒಂದೇ ಉದ್ದನೆಯ ಕೊಳವೆಯಲ್ಲಿ ಸಾಗುತ್ತದೆ. ಮೊದಲು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ. ಅನಂತರ ಚೀಲದಂತಿರುವ ಜಠರ. ಅಲ್ಲಿಂದ ಮುಂದೆ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು. ಕೊನೆಗೆ ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳು ಮತ್ತು ಗುದನಾಳ. ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಸ್ಥಳದಲ್ಲಿ, ಹೊಟ್ಟೆಯ ಬಲಬದಿಯ ಕೆಳಭಾಗದಲ್ಲಿ, ಅಪೆಂಡಿಕ್ಸ್ ಎಂಬ ಸಣ್ಣ ಬಾಲವಿದೆ.

ಈ ಕೊಳವೆಯ ಗೋಡೆಯು ಹಲವು ಪದರಗಳಿಂದ ಆದುದು. ಒಳಮೈಗೆ ನುಣುಪಾದ ಲೋಳೆಪೊರೆ. ಅದರಾಚೆಗೆ ಸ್ನಾಯುಗಳು, ನರಗಳು ಹಾಗೂ ರಕ್ತನಾಳಗಳು. ಲೋಳೆಪೊರೆಯ ನಡುನಡುವೆ ಹಾರ್ಮೋನು ಎಂಬ ರಸವನ್ನು ಸ್ರವಿಸುವ ಜೀವಕೋಶಗಳಿವೆ. ಕರುಳಿನ ಗೋಡೆಯಲ್ಲಿ ರೋಗಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳ ಗುಂಪುಗಳೂ ಇವೆ. ಕರುಳು ತಾಳಬದ್ಧವಾಗಿ ಕುಗ್ಗುತ್ತ ಹಿಗ್ಗುತ್ತ ಆಹಾರವನ್ನು ಮುಂದಕ್ಕೆ ತಳ್ಳುವಂತೆ ಸೂಚನೆ ಕೊಡುವ ವಿಶೇಷ ಜೀವಕೋಶಗಳನ್ನು ಸ್ಪೇನ್ ದೇಶದ ವಿಜ್ಞಾನಿ ಕಾಹಾಲ್ ಅವರು ವಿವರಿಸಿದರು. ಅವುಗಳಿಗೆ ಅವರ ಹೆಸರೇ ಇದೆ.

ಗಡ್ಡೆ ಎಂದರೇನು?

ನಮ್ಮ ಶರೀರದ ಜೀವಕೋಶಗಳು ಹಳತಾಗಿ ಸಾಯುತ್ತವೆ, ಹೊಸತು ಹುಟ್ಟುತ್ತವೆ. ತೋಟದಲ್ಲಿ ಸತ್ತ ಅಡಿಕೆಮರದ ಸ್ಥಾನದಲ್ಲಿ ಒಂದೇ ಸಸಿಯನ್ನು ನೆಡುವಂತೆ, ಇಲ್ಲಿಯೂ ಒಂದು ಲೆಕ್ಕವುಂಟು. ಆ ಲೆಕ್ಕ ತಪ್ಪಿ ಒಂದೇ ಬಗೆಯ ಜೀವಕೋಶಗಳು ಅಂಕೆಯಿಲ್ಲದೆ ಬೆಳೆದು ಗಂಟಾದರೆ ಅದೇ ಗಡ್ಡೆ. ಇದ್ದಲ್ಲಿಯೇ ಇದ್ದು, ನಿಧಾನವಾಗಿ ಬೆಳೆದು, ಬೇರೆಡೆಗೆ ಹರಡದಿರುವುದು ಸಾಧು ಗಡ್ಡೆ. ಸುತ್ತಲಿನ ಅಂಗಗಳಿಗೆ ನುಗ್ಗುವ, ರಕ್ತದ ಮೂಲಕ ಯಕೃತ್ತು ಮೊದಲಾದ ದೂರದ ಅಂಗಗಳಿಗೆ ಹರಡುವ ಗಡ್ಡೆಯೇ ಕ್ಯಾನ್ಸರ್ ಅಥವಾ ಏಡಿಗಂತಿ.

ಅನ್ನನಾಳ, ಜಠರ ಹಾಗೂ ದೊಡ್ಡ ಕರುಳಿನಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾನ್ಸರು ಒಳಪೊರೆಯಿಂದ ಹುಟ್ಟುವಂಥದು. ತಂಬಾಕು ಮತ್ತು ಮದ್ಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಲ್ಲವು. ತಂಬಾಕು ಸೇರಿಸದ ಕವಳವೂ ಬಾಯಿಗೆ ಹಾನಿಕರವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ನಿರ್ಣಯಿಸಿದೆ. ಅಡಿಕೆ ಬೆಳೆಯುವ ಸೀಮೆಯವರಿಗೆ ಇದು ಅಪ್ರಿಯವಾದ ಮಾತಾದರೂ ತಿಳಿದಿರತಕ್ಕ ಮಾತು. ಆದರೆ ನಾವು ಇಲ್ಲಿ ಹೇಳಲಿರುವ ಅಪರೂಪದ ಗಡ್ಡೆಗಳ ಪೈಕಿ ಹೆಚ್ಚಿನವು ಯಾವುದೇ ದುರಭ್ಯಾಸದಿಂದ ಬಂದವೆಂದು ಹೇಳಲಾಗುವುದಿಲ್ಲ. ಮಿತಾಹಾರಿಗೂ ಬರಬಹುದು, ಶ್ರಮಜೀವಿಗೂ ಬರಬಹುದು. ರೋಗಿಯನ್ನು ದೂಷಿಸುವುದಕ್ಕೆ ಕಾರಣವಿಲ್ಲ.

ಅಪರೂಪದ ಗಡ್ಡೆಗಳ ಮುಖ್ಯ ಬಗೆಗಳು

1. ಜಿಸ್ಟ್ ಎಂಬ ಗಡ್ಡೆ: ಇದು ಕರುಳಿಗೆ ತಾಳ ಹಾಕುವ ಕಾಹಾಲ್ ಜೀವಕೋಶಗಳಿಗೆ ಸಂಬಂಧಿಸಿದ ಗಡ್ಡೆ. ಹತ್ತರಲ್ಲಿ ಸುಮಾರು ಆರು ಜಠರದಲ್ಲಿಯೂ ಮೂರು ಸಣ್ಣ ಕರುಳಿನಲ್ಲಿಯೂ ಹುಟ್ಟುತ್ತವೆ. ಹಲವು ದೇಶಗಳ ಅಧ್ಯಯನಗಳ ಪ್ರಕಾರ ವರ್ಷವೊಂದಕ್ಕೆ ಹತ್ತು ಲಕ್ಷ ಜನರಲ್ಲಿ 10ರಿಂದ 15 ಮಂದಿಗೆ ಇದು ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 14 ಲಕ್ಷ 37 ಸಾವಿರವಾಗಿತ್ತು. ಅದೇ ಪ್ರಮಾಣವನ್ನು ಅನ್ವಯಿಸಿ ನೋಡಿದರೆ ಇಡೀ ಜಿಲ್ಲೆಯಲ್ಲಿ ವರ್ಷಕ್ಕೆ ಹದಿನಾಲ್ಕರಿಂದ ಇಪ್ಪತ್ತೊಂದು ಮಂದಿ ಎಂದಾಯಿತು. ಒಂದು ಊರಿನಲ್ಲಿ ಒಂದು ತಲೆಮಾರಿಗೆ ಒಬ್ಬರೂ ಕಾಣದಿರಬಹುದು. ಆದುದರಿಂದಲೇ ಇದರ ಹೆಸರು ಯಾರಿಗೂ ಪರಿಚಿತವಲ್ಲ. ಈ ಗಡ್ಡೆಯು ಒಳಪೊರೆಯ ಅಡಿಯಲ್ಲಿ ಬೆಳೆಯುವುದರಿಂದ ಬಹುಕಾಲ ನೋವನ್ನೇ ಕೊಡದೆ, ಒಂದು ದಿನ ಪೊರೆ ಹರಿದು ರಕ್ತ ಸೋರತೊಡಗುತ್ತದೆ.

2. ಹಾರ್ಮೋನು ಸ್ರವಿಸುವ ಗಡ್ಡೆ: ಇದನ್ನು ನ್ಯೂರೋಎಂಡೋಕ್ರೈನ್ ಗಡ್ಡೆ ಎನ್ನುತ್ತಾರೆ. 1907ರಲ್ಲಿ ಜರ್ಮನಿಯ ವೈದ್ಯ ಒಬರ್ನ್‌ಡಾರ್ಫರ್ ಅವರು ಕೊಟ್ಟ ಕಾರ್ಸಿನಾಯ್ಡ್ ಎಂಬ ಹೆಸರೂ ಬಳಕೆಯಲ್ಲಿದೆ. ನ್ಯೂರೋ ಎಂಬ ಶಬ್ದವನ್ನು ಕೇಳಿ ಇದು ಮಿದುಳಿನ ರೋಗವೆಂದು ಭಾವಿಸಬಾರದು. ಸಣ್ಣ ಕರುಳು, ಅಪೆಂಡಿಕ್ಸ್, ಗುದನಾಳ, ಜಠರ, ಮೇದೋಜೀರಕ ಗ್ರಂಥಿ ಇವೇ ಇದರ ಸಾಮಾನ್ಯ ನೆಲೆಗಳು. ಹಿಂದಿ ಚಿತ್ರನಟ ಇರ್ಫಾನ್ ಖಾನ್ ಅವರು 2018ರ ಮಾರ್ಚ್ ತಿಂಗಳಲ್ಲಿ ತಮಗೆ ಈ ಜಾತಿಯ ಗಡ್ಡೆ ಇರುವುದೆಂದು ತಾವೇ ಪ್ರಕಟಿಸಿದಾಗ ನಮ್ಮ ದೇಶದ ಅನೇಕರು ಈ ಹೆಸರನ್ನು ಮೊದಲ ಬಾರಿಗೆ ಕೇಳಿದರು. ಈ ಗಡ್ಡೆಗಳಲ್ಲಿ ಅನೇಕವು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ. ಯಕೃತ್ತಿಗೆ ಹರಡಿದಾಗ ಕೆಲವರಲ್ಲಿ ಮುಖ ಇದ್ದಕ್ಕಿದ್ದಂತೆ ಕೆಂಪೇರಿ ಬಿಸಿಯಾಗುವುದು, ನೀರಿನಂಥ ಭೇದಿ, ಉಬ್ಬಸದಂಥ ಉಸಿರು ಇವು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ.

3. ಲಿಂಫೋಮಾ: ಇದು ರೋಗನಿರೋಧಕ ಕಣಗಳಿಂದ ಹುಟ್ಟುವ ಗಡ್ಡೆ. ಇದರ ಒಂದು ಜಾತಿಯು ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು ಬಹುಕಾಲ ಬೀಡುಬಿಟ್ಟಿರುವುದರಿಂದ ಉಂಟಾಗುತ್ತದೆ. ಆಸ್ಟ್ರೇಲಿಯಾದ ವೈದ್ಯರಾದ ವಾರನ್ ಮತ್ತು ಮಾರ್ಷಲ್ 1980ರ ದಶಕದ ಆರಂಭದಲ್ಲಿ ಜಠರದ ಹುಣ್ಣಿಗೂ ಈ ರೋಗಾಣುವಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟು 2005ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

4. ವಂಶಪಾರಂಪರ್ಯದ ಗಂಟುಗಳು: ಕೆಲವು ಕುಟುಂಬಗಳಲ್ಲಿ ಕರುಳಿನ ಒಳಗೆ ತೊಟ್ಟುಳ್ಳ ಗಂಟುಗಳು ಬೆಳೆಯುತ್ತವೆ. ಪ್ಯೂಟ್ಸ್-ಜೆಗರ್ಸ್ ಎಂಬ ರೋಗದಲ್ಲಿ ಮಗುವಿನ ತುಟಿಯ ಮೇಲೆ ಮತ್ತು ಬಾಯಿಯ ಒಳಗೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅಂಥ ಮಗುವಿಗೆ ಮತ್ತೆ ಮತ್ತೆ ಹೊಟ್ಟೆಶೂಲೆ ಬರುತ್ತಿದ್ದರೆ ಕರುಳು ಕರುಳಿನೊಳಗೆ ಸೇರಿಕೊಂಡಿರಬಹುದು. ಇದು ತುರ್ತು ಸಂದರ್ಭ. ತಂದೆ ಅಥವಾ ತಾಯಿಗೆ ಈ ರೋಗವಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧದಷ್ಟಿರುತ್ತದೆ.

ಎಚ್ಚರಿಕೆಯ ಚಿಹ್ನೆಗಳು

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದಂಥ ಒಂದು ಊರು. ಮೂವತ್ತೆಂಟು ವರ್ಷದ ಗೃಹಿಣಿ. ಇಬ್ಬರು ಮಕ್ಕಳ ತಾಯಿ. ಕೊಟ್ಟಿಗೆಯ ಕೆಲಸ, ಅಡುಗೆ, ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವುದು ಎಲ್ಲವೂ ಅವಳ ಪಾಲಿಗೆ. ಕೆಲವು ತಿಂಗಳುಗಳಿಂದ ಹತ್ತು ಹೆಜ್ಜೆ ಏರು ಹತ್ತಿದರೆ ಏದುಸಿರು. ಮುಖ ಬಿಳಿಚಿದೆ. ಅತ್ತೆಯು, ಹೆತ್ತ ಹೆಂಗಸಿಗೆ ಇದೆಲ್ಲ ಇದ್ದದ್ದೇ ಎನ್ನುತ್ತಾಳೆ. ಆರೋಗ್ಯ ಸಹಾಯಕಿಯು ಕೊಟ್ಟ ಕಬ್ಬಿಣಾಂಶದ ಮಾತ್ರೆಗಳನ್ನು ಅವಳು ತಪ್ಪದೆ ನುಂಗುತ್ತಾಳೆ. ಮುಟ್ಟು ಹೆಚ್ಚೇನೂ ಹೋಗುತ್ತಿಲ್ಲ. ಆದರೂ ರಕ್ತ ಏರುವುದಿಲ್ಲ. ಆಗ ಆರೋಗ್ಯ ಸಹಾಯಕಿಯು, “ಅಕ್ಕಾ, ಮಾತ್ರೆ ನುಂಗಿಯೂ ರಕ್ತ ಏರುತ್ತಿಲ್ಲವೆಂದರೆ ಅದು ಎಲ್ಲಿಯೋ ಸೋರಿಹೋಗುತ್ತಿರಬೇಕು. ಅಣ್ಣನನ್ನು ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ ಬನ್ನಿ” ಎಂದು ಹೇಳಿದರೆ ಅವಳು ತನ್ನ ಕರ್ತವ್ಯವನ್ನು ಸರಿಯಾಗಿ ಮಾಡಿದಳೆಂದೇ ತಿಳಿಯಬೇಕು.

ಇದರ ಹಿಂದಿರುವ ಲೆಕ್ಕ ಸರಳವಾದುದು. ಗರ್ಭಿಣಿಯಲ್ಲದ ಸ್ತ್ರೀಯ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂ, ಗರ್ಭಿಣಿಯಲ್ಲಿ 11 ಗ್ರಾಂ, ಪುರುಷನಲ್ಲಿ 13 ಗ್ರಾಂ ಇರಬೇಕು. ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಗಳನ್ನು ಒಂದು ತಿಂಗಳು ಕ್ರಮವಾಗಿ ಸೇವಿಸಿದ ಮೇಲೆ ಹಿಮೋಗ್ಲೋಬಿನ್ 1 ಗ್ರಾಂನಷ್ಟಾದರೂ ಏರಬೇಕು. ಏರದಿದ್ದರೆ ಮುಂದಿನ ಪರೀಕ್ಷೆ ಅವಶ್ಯ. ಕೊಕ್ಕೆಹುಳು, ಅತಿಯಾದ ಮುಟ್ಟು, ಮೂಲವ್ಯಾಧಿ, ಜಠರದ ಹುಣ್ಣು ಇವು ಸಾಮಾನ್ಯ ಕಾರಣಗಳು, ಅಪರೂಪಕ್ಕೆ ಗಡ್ಡೆ. ಪುರುಷರಲ್ಲಿ ಮತ್ತು ಮುಟ್ಟು ನಿಂತ ಸ್ತ್ರೀಯರಲ್ಲಿ ರಕ್ತಹೀನತೆ ಕಂಡರೆ ಹೊಟ್ಟೆ ಮತ್ತು ಕರುಳಿನ ಪರೀಕ್ಷೆಯನ್ನು ಎಂದಿಗೂ ಮುಂದೂಡಬಾರದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಕಬ್ಬಿಣಾಂಶದ ಮಾತ್ರೆ ಸೇವಿಸುವವರ ಮಲವು ಕಪ್ಪು ಅಥವಾ ಕಡುಹಸಿರಾಗುವುದು ಸಹಜ. ಅದಕ್ಕಾಗಿ ಮಾತ್ರೆ ನಿಲ್ಲಿಸಬೇಕಾಗಿಲ್ಲ. ಆದರೆ ಜಠರದಲ್ಲಿ ರಕ್ತ ಸೋರಿದಾಗ ಮಲವು ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಹೊಳಪಿನಿಂದ ಕೂಡಿ, ವಿಪರೀತ ದುರ್ವಾಸನೆ ಬೀರುತ್ತದೆ. ಎರಡನ್ನೂ ಒಂದೇ ಎಂದು ತಿಳಿಯಬೇಡಿರಿ.

ಈ ಕೆಳಗಿನ ಚಿಹ್ನೆಗಳಲ್ಲಿ ಯಾವುದಾದರೂ ಎರಡು ವಾರಕ್ಕೆ ಮೀರಿ ಉಳಿದರೆ ವೈದ್ಯರಿಗೆ ತೋರಿಸತಕ್ಕದ್ದು:

• ಕಾರಣವಿಲ್ಲದೆ ತೂಕ ಇಳಿಯುವುದು, ಹಸಿವು ಕುಂದುವುದು, ಸ್ವಲ್ಪ ಉಂಡೊಡನೆ ಹೊಟ್ಟೆ ತುಂಬಿದಂತಾಗುವುದು.
• ಹೊಟ್ಟೆಯಲ್ಲಿ ಕೈಗೆ ಸಿಗುವ ಗಂಟು.
• ಊಟದ ನಂತರ ಮತ್ತೆ ಮತ್ತೆ ಬರುವ ಹೊಟ್ಟೆಶೂಲೆ, ಹೊಟ್ಟೆಯುಬ್ಬರ.
• ಮಲವಿಸರ್ಜನೆಯ ಕ್ರಮದಲ್ಲಿ ಬದಲಾವಣೆ.
• ನುಂಗುವಾಗ ಅನ್ನ ಎದೆಯಲ್ಲಿ ಸಿಕ್ಕಿದಂತಾಗುವುದು.
• ಪಥ್ಯಕ್ಕೂ ಔಷಧಿಗೂ ಜಗ್ಗದ ಭೇದಿ, ಅದರೊಡನೆ ಮುಖ ಕೆಂಪೇರುವುದು.

ರಕ್ತವಾಂತಿ, ಡಾಂಬರಿನಂಥ ಮಲ, ಮಲದಲ್ಲಿ ರಕ್ತ, ವಾಂತಿಯೊಡನೆ ಮಲ ಮತ್ತು ವಾಯು ಎರಡೂ ಕಟ್ಟಿಹೋಗುವುದು ಇವುಗಳಿಗೆ ಎರಡು ವಾರದ ಅವಧಿಯಿಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಮ್ಮ ಸೀಮೆಯ ಜಡಿಮಳೆಯಲ್ಲಿ ರಸ್ತೆ ಕುಸಿಯುವುದೂ ಮರ ಬೀಳುವುದೂ ಹೊಸತಲ್ಲ. ಆದುದರಿಂದ ಮಳೆಗಾಲದಲ್ಲಿ ಇಂಥ ಚಿಹ್ನೆ ಕಂಡರೆ ನಾಳೆ ನೋಡೋಣವೆನ್ನದೆ 108 ಸಂಖ್ಯೆಗೆ ದೂರವಾಣಿ ಮಾಡಿ ವಾಹನ ತರಿಸಿಕೊಳ್ಳಿರಿ.

ಜೀರಿಗೆ ಕಷಾಯ, ಓಮದ ನೀರು, ತಂಬುಳಿ ಇವು ನಮ್ಮ ಅಡುಗೆಮನೆಯ ಒಳ್ಳೆಯ ವಸ್ತುಗಳು. ಒಂದೆರಡು ದಿನದ ಅಜೀರ್ಣಕ್ಕೆ ಸಾಕಾಗಬಹುದು. ಆದರೆ ಸೋರುವ ರಕ್ತವನ್ನು ಅವು ನಿಲ್ಲಿಸಲಾರವು. ಹೊಟ್ಟೆಯಲ್ಲಿ ಗಂಟು ಇದ್ದಾಗ ಎಣ್ಣೆ ಹಚ್ಚಿ ನೀವುವುದು, ಒತ್ತುವುದು ಅಪಾಯಕರ. ಜಿಸ್ಟ್‌ನಂಥ ಗಡ್ಡೆಯು ಮೆದುವಾಗಿದ್ದು ಒಡೆಯುವ ಸಂಭವವುಂಟು. ಒಡೆದರೆ ರಕ್ತಸ್ರಾವವಾಗುವುದಲ್ಲದೆ ರೋಗವು ಉದರದೊಳಗೆಲ್ಲ ಚೆಲ್ಲಿಹೋಗುತ್ತದೆ.

ಗಡ್ಡೆಯಂತೆ ತೋರುವ ಬೇರೆ ರೋಗಗಳು

ಹೊಟ್ಟೆಯ ಗಂಟೆಲ್ಲ ಕ್ಯಾನ್ಸರಲ್ಲ. ಬಲಬದಿಯ ಕೆಳಹೊಟ್ಟೆಯಲ್ಲಿ ಗಂಟು, ಸಂಜೆಯ ಜ್ವರ, ತೂಕ ಇಳಿಕೆ ಇವು ಕರುಳಿನ ಕ್ಷಯರೋಗದ ಲಕ್ಷಣಗಳಾಗಿರಬಹುದು. ನಮ್ಮ ದೇಶದಲ್ಲಿ ಇದು ಅಪರೂಪವೇನಲ್ಲ. ಚಿತ್ರದಲ್ಲಿ ಇದಕ್ಕೂ ಗಡ್ಡೆಗೂ ಭೇದ ಕಾಣದಿರಬಹುದು. ಚೂರು ತೆಗೆದು ಪರೀಕ್ಷಿಸಿದಾಗಲೇ ನಿಜ ತಿಳಿಯುತ್ತದೆ. ಕ್ಷಯವೆಂದು ತಿಳಿದರೆ ಸಾಮಾನ್ಯವಾಗಿ ಆರು ತಿಂಗಳ ಔಷಧಿಯಿಂದ ಗುಣವಾಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಆ ಔಷಧಿ ಉಚಿತ. ಪರೀಕ್ಷೆಗೆ ಹೆದರಿ ಮನೆಯಲ್ಲಿ ಕುಳಿತವರು ಗುಣವಾಗುವ ರೋಗದಿಂದಲೇ ಸೊರಗಿಹೋಗುತ್ತಾರೆ.

ಹಾಗೆಯೇ ಸ್ತ್ರೀಯರ ಕೆಳಹೊಟ್ಟೆಯ ಗಂಟೆಲ್ಲ ಗರ್ಭಕೋಶದ್ದಲ್ಲ. ಸಣ್ಣ ಕರುಳಿನ ಗಡ್ಡೆಯೂ ಅಲ್ಲಿಯೇ ಕೈಗೆ ಸಿಗಬಹುದು. ಜಠರದ ಕ್ಯಾನ್ಸರು ಅಂಡಾಶಯಕ್ಕೆ ಹರಡಿ ಅಲ್ಲಿಯ ಗಡ್ಡೆಯಂತೆ ತೋರುವುದೂ ಉಂಟು. ಆದುದರಿಂದ ಸರಿಯಾದ ಪರೀಕ್ಷೆಯಿಲ್ಲದೆ ಗರ್ಭಕೋಶ ತೆಗೆಸಿಬಿಡೋಣವೆಂದು ದಂಪತಿಗಳು ಅವಸರ ಪಡಬಾರದು.

ರೋಗವನ್ನು ಗುರುತಿಸುವ ಕ್ರಮ

ವೈದ್ಯರು ಹಂತಹಂತವಾಗಿ ಮುಂದುವರಿಯುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊಟ್ಟೆಯನ್ನು ಮುಟ್ಟಿ ನೋಡುವುದು, ರಕ್ತ ಮತ್ತು ಮಲದ ಪರೀಕ್ಷೆ. ಕಣ್ಣಿಗೆ ಕಾಣದಷ್ಟು ಅಲ್ಪ ರಕ್ತ ಮಲದಲ್ಲಿದ್ದರೂ ಪರೀಕ್ಷೆಯಿಂದ ತಿಳಿಯುತ್ತದೆ. ಅನಂತರ ಶಬ್ದ ತರಂಗಗಳಿಂದ ಹೊಟ್ಟೆಯ ಚಿತ್ರ ತೆಗೆಯುವ ಸ್ಕ್ಯಾನಿಂಗ್. ಗರ್ಭಿಣಿಯರಿಗೆ ಮಾಡುವುದೂ ಇದನ್ನೇ, ಇದರಿಂದ ನೋವಿಲ್ಲ.

ಮೂರನೆಯದು ಎಂಡೋಸ್ಕೋಪಿ. ಬೆರಳಿನಷ್ಟು ತೆಳುವಾದ, ಬಾಗುವ ನಳಿಕೆಯನ್ನು ಬಾಯಿಯ ಮೂಲಕ ಜಠರದೊಳಗೆ ಇಳಿಸಿ, ಅದರ ತುದಿಯ ದೀಪ ಮತ್ತು ಕ್ಯಾಮೆರಾದ ಸಹಾಯದಿಂದ ಒಳಗನ್ನು ನೋಡುತ್ತಾರೆ. ಗುದದ್ವಾರದಿಂದ ದೊಡ್ಡ ಕರುಳನ್ನು ನೋಡುವ ಕ್ರಮಕ್ಕೆ ಕೊಲೊನೋಸ್ಕೋಪಿ ಎಂದು ಹೆಸರು. ಅದಕ್ಕೆ ಹಿಂದಿನ ದಿನ ಔಷಧಿ ಕುಡಿದು ಕರುಳನ್ನು ಶುಚಿಗೊಳಿಸಿಕೊಳ್ಳಬೇಕು. ಈ ಎರಡು ನಳಿಕೆಗಳೂ ಸಣ್ಣ ಕರುಳಿನ ಬಹುಭಾಗವನ್ನು ತಲುಪಲಾರವು. ಎರಡರಲ್ಲಿಯೂ ಏನೂ ಕಾಣದಿದ್ದರೆ ರೋಗವೇ ಇಲ್ಲವೆಂದು ತಿಳಿದು ಹಿಂದಿರುಗಬಾರದು, ಸಿ.ಟಿ. ಸ್ಕ್ಯಾನ್ ಅಥವಾ ಬೇರೆ ವಿಶೇಷ ಪರೀಕ್ಷೆಗಳಿಂದ ಆ ಭಾಗವನ್ನೂ ಶೋಧಿಸಬೇಕಾಗುತ್ತದೆ.

ನಾಲ್ಕನೆಯದೂ ಅತಿ ಮುಖ್ಯವಾದುದೂ ಬಯಾಪ್ಸಿ, ಎಂದರೆ ಗಡ್ಡೆಯ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. “ಕೈ ಹಚ್ಚಿದರೆ ಹರಡುತ್ತದೆ” ಎಂಬ ಭಯ ಜನರಲ್ಲಿ ಬೇರೂರಿದೆ. ಕ್ರಮಬದ್ಧವಾಗಿ ತಜ್ಞರು ಮಾಡುವ ಪರೀಕ್ಷೆಯಿಂದ ಹಾಗಾಗುವ ಸಂಭವ ಅತ್ಯಲ್ಪ. ಒಡೆಯಬಹುದಾದ ಗಡ್ಡೆ ಎಂದು ಕಂಡರೆ ಚೂರು ತೆಗೆಯದೆ ಇಡೀ ಗಡ್ಡೆಯನ್ನೇ ತೆಗೆಯಬೇಕೋ ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ರೋಗದ ಜಾತಿ ತಿಳಿಯದೆ ಕೊಟ್ಟ ಔಷಧಿಯು ಕತ್ತಲಲ್ಲಿ ಎಸೆದ ಕಲ್ಲಿನಂತೆ. ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾಗಿ ಕಾಣುವ ಗಡ್ಡೆಗಳನ್ನು ವಿಶೇಷ ಬಣ್ಣ ಹಚ್ಚುವ ಪರೀಕ್ಷೆಗಳಿಂದ ಬೇರ್ಪಡಿಸುತ್ತಾರೆ. ಜಿಸ್ಟ್ ಗಡ್ಡೆಯ ಬಹುಪಾಲು ರೋಗಿಗಳಲ್ಲಿ ಕಿಟ್ ಎಂಬ ಪ್ರೋಟೀನು ಈ ಪರೀಕ್ಷೆಯಲ್ಲಿ ಎದ್ದು ಕಾಣುತ್ತದೆ. ಈ ಪ್ರೋಟೀನನ್ನು ನಿಯಂತ್ರಿಸುವ ವಂಶವಾಹಿಯ ದೋಷವೇ ರೋಗದ ಮೂಲವೆಂದು 1998ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಹಾರ್ಮೋನು ಸ್ರವಿಸುವ ಗಡ್ಡೆಯ ಸಂಶಯವಿದ್ದರೆ 24 ಗಂಟೆಗಳ ಮೂತ್ರವನ್ನು ಸಂಗ್ರಹಿಸಿ ಪರೀಕ್ಷಿಸುತ್ತಾರೆ.

ಒಂದು ಮಾತನ್ನು ಮರೆಯದಿರಿ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರ ತೆಗೆದ ಭಾಗವನ್ನು ಪ್ರಯೋಗಶಾಲೆಗೆ ಕಳುಹಿಸಿದಾಗ, ಯಾರೂ ನಿರೀಕ್ಷಿಸದ ಸಣ್ಣ ಕಾರ್ಸಿನಾಯ್ಡ್ ಗಡ್ಡೆ ಅದರಲ್ಲಿ ಪತ್ತೆಯಾಗುವುದುಂಟು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ಸಾಮಾನ್ಯವಾಗಿ ಆ ಶಸ್ತ್ರಚಿಕಿತ್ಸೆಯೇ ಸಾಕು. ದೊಡ್ಡದಾಗಿದ್ದರೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹೊಲಿಗೆ ಬಿಚ್ಚಿಸಿಕೊಂಡು ಬಂದ ಮೇಲೆ ವರದಿಯನ್ನು ತರಲು ಹೋಗದವರಿಗೆ ಇದು ತಿಳಿಯುವುದು ಹೇಗೆ? ಯಾವ ಶಸ್ತ್ರಚಿಕಿತ್ಸೆಯಾದರೂ ಪ್ರಯೋಗಶಾಲೆಯ ವರದಿಯನ್ನು ಕೇಳಿ ಪಡೆದು, ಜಮೀನಿನ ಪಹಣಿ ಪತ್ರವನ್ನು ಕಾಪಾಡುವಷ್ಟೇ ಜೋಪಾನವಾಗಿ ಪೆಟ್ಟಿಗೆಯಲ್ಲಿಡಿ.

ಚಿಕಿತ್ಸೆ

ಹರಡದೆ ಒಂದೆಡೆ ನಿಂತಿರುವ ಗಡ್ಡೆಗೆ ಶಸ್ತ್ರಚಿಕಿತ್ಸೆಯೇ ಬಹುಮಟ್ಟಿಗೆ ಪ್ರಧಾನ ಚಿಕಿತ್ಸೆ. ಬೇಗ ಪತ್ತೆಯಾದ ಗಡ್ಡೆಯನ್ನು ಪೂರ್ಣವಾಗಿ ತೆಗೆದರೆ ಅನೇಕರು ಸಂಪೂರ್ಣವಾಗಿ ಗುಣಹೊಂದುತ್ತಾರೆ. ಜಠರದ ಒಂದು ಭಾಗವನ್ನೋ ಕರುಳಿನ ಒಂದು ತುಂಡನ್ನೋ ತೆಗೆದ ಮಾತ್ರಕ್ಕೆ ಮನುಷ್ಯನು ನಿರುಪಯುಕ್ತನಾಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣುವುದನ್ನು ರೂಢಿಸಿಕೊಂಡು, ಗಾಯ ಮಾಗಿದ ಮೇಲೆ ವೈದ್ಯರ ಅನುಮತಿ ಪಡೆದು ತೋಟದ ಕೆಲಸಕ್ಕೂ ಮರಳಬಹುದು.

ಜಿಸ್ಟ್ ಗಡ್ಡೆಯ ಚಿಕಿತ್ಸೆಯ ಇತಿಹಾಸವು ಆಶಾದಾಯಕವಾದುದು. ಮೊದಲು, ಹರಡಿದ ಜಿಸ್ಟ್ ಗಡ್ಡೆಗೆ ಕ್ಯಾನ್ಸರಿನ ಸಾಮಾನ್ಯ ಔಷಧಿಗಳು ನಾಟುತ್ತಲೇ ಇರಲಿಲ್ಲ. 2000ನೆಯ ಇಸವಿಯಲ್ಲಿ ಫಿನ್ಲೆಂಡ್ ದೇಶದ ಒಬ್ಬ ರೋಗಿಗೆ, ರಕ್ತದ ಕ್ಯಾನ್ಸರಿಗೆಂದು ಸಿದ್ಧವಾಗಿದ್ದ ಇಮಾಟಿನಿಬ್ ಎಂಬ ಮಾತ್ರೆಯನ್ನು ಕೊಡಲಾಯಿತು. ಕೆಲವೇ ವಾರಗಳಲ್ಲಿ ಗಡ್ಡೆ ಕುಗ್ಗಿತು. ಕೆಟ್ಟುಹೋದ ಕಿಟ್ ಪ್ರೋಟೀನು ಕೋಶಗಳಿಗೆ ಸದಾ “ಬೆಳೆ, ಬೆಳೆ” ಎಂದು ಆಜ್ಞೆ ಮಾಡುತ್ತಿದ್ದರೆ, ಈ ಮಾತ್ರೆಯು ಆ ಆಜ್ಞೆಯ ಬಾಯಿ ಕಟ್ಟುತ್ತದೆ. ಆದರೆ ಬೆಲೆಯು ಬಡವರ ಕೈಗೆ ಎಟುಕುವಂತಿರಲಿಲ್ಲ: ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮಿಕ್ಕಿದ ವೆಚ್ಚ. ಭಾರತೀಯ ಕಂಪನಿಗಳು ತಯಾರಿಸುತ್ತಿದ್ದ ಅದೇ ಔಷಧಿಗೆ ಆಗ ಅದರ ಹತ್ತನೆಯ ಒಂದು ಪಾಲಿನಷ್ಟಾಗುತ್ತಿತ್ತು. ಈ ಔಷಧಿಯ ಒಂದು ರೂಪಕ್ಕೆ ಪೇಟೆಂಟ್ ಕೊಡಲಾಗದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ತೀರ್ಪಿತ್ತುದರಿಂದ ಅಗ್ಗದ ಮಾತ್ರೆಗಳು ರೋಗಿಗಳಿಗೆ ಸಿಗುತ್ತಲೇ ಇವೆ.

ಈ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ 400 ಮಿಲಿಗ್ರಾಂನಂತೆ, ಊಟದೊಡನೆ, ಒಂದು ದೊಡ್ಡ ಲೋಟ ನೀರು ಕುಡಿದು ಸೇವಿಸಬೇಕು. ಕಣ್ಣಿನ ಸುತ್ತ ಊತ, ಕಾಲಿನ ಮೀನಖಂಡದ ಸೆಳೆತ, ವಾಕರಿಕೆ, ಭೇದಿ ಇವು ಕಾಣಿಸಬಹುದು. ವೈದ್ಯರಿಗೆ ತಿಳಿಸಿದರೆ ಪರಿಹಾರವುಂಟು. ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸುವ ಸಂಭವ ಹೆಚ್ಚಿದ್ದವರಿಗೆ ಮೂರು ವರ್ಷ ಕೊಡುವುದು ರೂಢಿ. ಹರಡಿದ್ದರೆ ಔಷಧಿಯು ಫಲಕಾರಿಯಾಗಿರುವವರೆಗೂ ಸೇವಿಸುತ್ತಿರಬೇಕು. “ಈಗ ಮೈ ಹಗುರವಾಗಿದೆ, ಮಾತ್ರೆ ಸಾಕು” ಎಂದು ತಾವಾಗಿಯೇ ನಿಲ್ಲಿಸಿದವರಲ್ಲಿ ಗಡ್ಡೆಯು ಮತ್ತೆ ಬೆಳೆಯುವುದು ಪರೀಕ್ಷೆಗಳಿಂದ ಸಿದ್ಧವಾದ ಮಾತು.

ಹಾರ್ಮೋನು ಸ್ರವಿಸುವ ಗಡ್ಡೆ ಹರಡಿದ್ದರೆ ಆಕ್ಟ್ರಿಯೋಟೈಡ್ ಎಂಬ ಔಷಧಿಯ ದೀರ್ಘಾವಧಿಯ ಚುಚ್ಚುಮದ್ದನ್ನು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಇದರಿಂದ ಭೇದಿಯೂ ಮುಖ ಕೆಂಪೇರುವುದೂ ತಗ್ಗುತ್ತವೆ, ಗಡ್ಡೆಯ ಬೆಳವಣಿಗೆಯೂ ನಿಧಾನವಾಗುತ್ತದೆ. ಆಯ್ದ ರೋಗಿಗಳಿಗೆ ಗಡ್ಡೆಯನ್ನೇ ಹುಡುಕಿಹೋಗುವ ವಿಕಿರಣ ಔಷಧಿಯೂ ಇದೆ.

ರೋಗಾಣುವಿನಿಂದ ಹುಟ್ಟಿದ ಜಠರದ ಲಿಂಫೋಮಾದ ಚಿಕಿತ್ಸೆಯಂತೂ ಆಶ್ಚರ್ಯಕರ. ಆರಂಭದ ಹಂತದಲ್ಲಿದ್ದರೆ, ಹತ್ತು ಹದಿನಾಲ್ಕು ದಿನಗಳ ರೋಗಾಣುನಾಶಕ ಮಾತ್ರೆಗಳಿಂದಲೇ ಬಹುಪಾಲು ರೋಗಿಗಳಲ್ಲಿ ಗಡ್ಡೆಯು ಮುಂದಿನ ತಿಂಗಳುಗಳಲ್ಲಿ ಕರಗಿಹೋಗುತ್ತದೆ. ಅದೇ ರೋಗವನ್ನು ತಡವಾಗಿ ಕಂಡರೆ ಹೆಚ್ಚು ಕಠಿಣವಾದ ಚಿಕಿತ್ಸೆ ಅನಿವಾರ್ಯ. ತಡಕ್ಕೂ ತ್ವರೆಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ಮತ್ತೊಂದಿಲ್ಲ.

ದಂಪತಿಗಳು ವಿಶೇಷವಾಗಿ ಗಮನಿಸಬೇಕಾದುದು

ಈ ಗಡ್ಡೆಗಳು ಅಂಟುರೋಗಗಳಲ್ಲ. ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ, ದಾಂಪತ್ಯ ಸಂಬಂಧದಿಂದ ಹರಡುವುದಿಲ್ಲ. ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುವುದು ನಿಷ್ಕಾರಣವಾಗಿ ಮನಸ್ಸನ್ನು ನೋಯಿಸುವ ಕೆಲಸ.

ಇಮಾಟಿನಿಬ್ ಹಾಗೂ ಇತರ ಕ್ಯಾನ್ಸರ್ ಔಷಧಿಗಳನ್ನು ಸೇವಿಸುತ್ತಿರುವಾಗ ಸ್ತ್ರೀಯು ಗರ್ಭಿಣಿಯಾಗಬಾರದು. ಗರ್ಭಸ್ಥ ಶಿಶುವಿಗೆ ಅಂಗವೈಕಲ್ಯದ ಭಯವುಂಟು. ಮಗುವಿಗೆ ಹಾಲೂಡಿಸಬಾರದು. ಈ ಕಾಲದಲ್ಲಿ ನಿರೋಧ್ ಅಥವಾ ವಂಕಿಯಂಥ ಯಾವ ವಿಧಾನ ತಕ್ಕುದೆಂಬುದನ್ನು ವೈದ್ಯರೊಡನೆ ಪತಿಪತ್ನಿಯರಿಬ್ಬರೂ ಕುಳಿತು ಸಮಾಲೋಚಿಸಬೇಕು. ಪತಿಯು ಔಷಧಿ ಸೇವಿಸುತ್ತಿದ್ದರೂ ಸಮಾಲೋಚನೆ ಅಗತ್ಯ. ಮುಂದೆ ಮಕ್ಕಳನ್ನು ಬಯಸುವ ಕಿರಿಯ ದಂಪತಿಗಳು ಆ ಮಾತನ್ನು ಚಿಕಿತ್ಸೆಗೆ ಮೊದಲೇ ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಲಿ. ವೀರ್ಯವನ್ನು ಕಾಪಿಡುವಂಥ ಮಾರ್ಗಗಳಿವೆ.

ಗರ್ಭಿಣಿಯ ವಾಂತಿಯು ಸಾಮಾನ್ಯವಾಗಿ ಐದನೆಯ ತಿಂಗಳಿಗೆ ಕಡಿಮೆಯಾಗಬೇಕು. ಆಮೇಲೂ ಎಡೆಬಿಡದೆ ವಾಂತಿಯಾಗುತ್ತ ತೂಕ ಇಳಿಯುತ್ತಿದ್ದರೆ ಬಸುರಿನ ಕಾರಣವೆಂದು ಸುಮ್ಮನಿರದೆ ತೋರಿಸಿರಿ.

ಮನೆಯ ಹೆಂಗಸು ತನ್ನ ನೋವನ್ನು ಕೊನೆಯಲ್ಲಿ ಹೇಳುವವಳು. ಎಲ್ಲರೂ ಉಂಡ ಮೇಲೆ ಉಣ್ಣುವುದರಿಂದ ಅವಳು ಎಷ್ಟು ಉಂಡಳೆಂಬುದನ್ನೂ ಯಾರೂ ಕಾಣರು. ಪತಿಯಾದವನು ಅದನ್ನು ವಿಚಾರಿಸಲಿ. ಗಂಡಸು ತನ್ನ ಮಲದಲ್ಲಿ ರಕ್ತ ಕಂಡರೆ ನಾಚಿಕೆಯಿಂದ ಬಚ್ಚಿಡುತ್ತಾನೆ. ಹೆಂಡತಿಯ ಹತ್ತಿರವಾದರೂ ಹೇಳಲಿ.

ಎಲ್ಲಿಗೆ ಹೋಗಬೇಕು? ಹಣವೆಲ್ಲಿಂದ?

ಮೊದಲ ಮೆಟ್ಟಿಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಂದ ಸಿದ್ದಾಪುರ, ಶಿರಸಿ, ಯಲ್ಲಾಪುರಗಳ ತಾಲ್ಲೂಕು ಆಸ್ಪತ್ರೆಗಳು. ವಿಶೇಷ ಪರೀಕ್ಷೆ ಮತ್ತು ಚಿಕಿತ್ಸೆಗಾಗಿ ನಮ್ಮ ಘಟ್ಟದ ಮೇಲಿನ ಜನರು ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಬೇಕಾಗುತ್ತದೆ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು ನೂರು ಕಿಲೋಮೀಟರು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯು ಕ್ಯಾನ್ಸರಿಗಾಗಿಯೇ ಮೀಸಲಾದ ರಾಜ್ಯದ ಪ್ರಮುಖ ಸಂಸ್ಥೆ. ಅಪರೂಪದ ಗಡ್ಡೆಗಳನ್ನು ಇಂಥ ರೋಗಿಗಳನ್ನು ಹೆಚ್ಚಾಗಿ ಕಂಡಿರುವ ಕೇಂದ್ರದಲ್ಲಿ ತೋರಿಸುವುದು ಶ್ರೇಯಸ್ಕರ.

ದೂರದ ಪ್ರಯಾಣ ವ್ಯರ್ಥವಾಗದಂತೆ ಹಳೆಯ ಚೀಟಿಗಳು, ಚಿತ್ರಗಳು, ವರದಿಗಳು, ಬಯಾಪ್ಸಿಯ ಗಾಜಿನ ಫಲಕ ಹಾಗೂ ಮೇಣದ ತುಂಡು, ಸೇವಿಸುತ್ತಿರುವ ಔಷಧಿಗಳು, ಪಡಿತರ ಚೀಟಿ, ಆಧಾರ್ ಕಾರ್ಡು ಇವುಗಳನ್ನು ಒಂದು ಚೀಲದಲ್ಲಿ ಕೊಂಡೊಯ್ಯಿರಿ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಂತೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯೂ, ಉಳಿದವರಿಗೆ ನಿಗದಿತ ವೆಚ್ಚದ ಶೇಕಡಾ 30ರಷ್ಟು, ಒಟ್ಟು ಒಂದೂವರೆ ಲಕ್ಷದವರೆಗೆ ನೆರವೂ ದೊರೆಯುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೇ ಎಂದು ವಿಚಾರಿಸಿಕೊಳ್ಳಿರಿ. ತೋಟವನ್ನು ಒತ್ತೆಯಿಡುವ ಮೊದಲು ಈ ವಿಚಾರಣೆ ನಡೆಯಲಿ.

ಪಾಠದ ಸಾರ

1. ಮಾತ್ರೆ ಸೇವಿಸಿದರೂ ನೀಗದ ರಕ್ತಹೀನತೆಗೆ ಕಾರಣವನ್ನು ಹುಡುಕಿಸಬೇಕು.
2. ಡಾಂಬರಿನಂಥ ಮಲ ಮತ್ತು ರಕ್ತವಾಂತಿ ತುರ್ತು ಚಿಹ್ನೆಗಳು.
3. ಹೊಟ್ಟೆಯ ಗಂಟನ್ನು ನೀವಿಸಬಾರದು.
4. ಚೂರು ತೆಗೆದು ಪರೀಕ್ಷಿಸದೆ ಗಡ್ಡೆಯ ಜಾತಿ ತಿಳಿಯದು. ಜಾತಿ ತಿಳಿಯದೆ ತಕ್ಕ ಚಿಕಿತ್ಸೆಯಿಲ್ಲ.
5. ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ಚಿಕಿತ್ಸೆಯ ಕಾಲದಲ್ಲಿ ಗರ್ಭಧಾರಣೆ ಕೂಡದು.

ನಿಮ್ಮ ತಿಳಿವಳಿಕೆಗಾಗಿ ಪ್ರಶ್ನೆಗಳು

1. ಕಬ್ಬಿಣಾಂಶದ ಮಾತ್ರೆಯಿಂದ ಕಪ್ಪಾದ ಮಲಕ್ಕೂ ರಕ್ತದಿಂದ ಕಪ್ಪಾದ ಮಲಕ್ಕೂ ಇರುವ ವ್ಯತ್ಯಾಸವೇನು?
2. ಕರುಳಿನ ಕ್ಷಯವನ್ನೂ ಗಡ್ಡೆಯನ್ನೂ ಬೇರ್ಪಡಿಸಿ ತಿಳಿಯುವುದು ಹೇಗೆ?
3. ಅಪೆಂಡಿಕ್ಸ್ ತೆಗೆಸಿಕೊಂಡವರು ಪ್ರಯೋಗಶಾಲೆಯ ವರದಿಯನ್ನು ಏಕೆ ಪಡೆಯಬೇಕು?
4. ನಿಮ್ಮ ಮನೆಯಲ್ಲಿ ಪ್ರತಿಯೊಬ್ಬ ವಯಸ್ಕರ ಹಿಮೋಗ್ಲೋಬಿನ್ ಎಷ್ಟಿದೆ? ತಿಳಿಯದಿದ್ದರೆ ಈ ವಾರವೇ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡು, ಆ ಸಂಖ್ಯೆಯನ್ನು ಈ ಪುಟದ ಅಂಚಿನಲ್ಲಿ ಬರೆದಿಡಿರಿ.